ಗಾಳಿಗುಳ್ಳೆ ಬಂದರೆ ಮೋಟಾರು ನಿಲ್ಲಬೇಕು

ಎಲೆಕ್ಟ್ರಾನಿಕ್ ಚಿಪ್ಪುಗಳ ವಿನ್ಯಾಸವನ್ನು, ಅವು ತಯಾರಾಗುವ ಮುನ್ನವೇ, ಗಣಿತದಿಂದ ಒರೆಗೆ ಹಚ್ಚುವ ವಿದ್ಯೆಯಲ್ಲಿ ಇಪ್ಪತ್ತಾರು ವರ್ಷ ಜೀವ ತೇಯ್ದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರನ್ನು ಕಚೇರಿಯಲ್ಲಿ ಯಾರೂ ಹುದ್ದೆ ಹಿಡಿದು ಕರೆದದ್ದಿಲ್ಲ. ಎಲ್ಲರ ಬಾಯಲ್ಲೂ ಅವರು ‘ಒಂದೊಂದಕ್ಕ’. ಆ ಹೆಸರು ಸುಮ್ಮನೆ ಅಂಟಿದ್ದಲ್ಲ.

ಚಿಪ್ಪು ಎಂದೂ ಮೀರಬಾರದ ನಿಯಮವನ್ನು ಒಂದು ವಾಕ್ಯದಲ್ಲಿ ಬರೆದಿಟ್ಟರೆ ಅದೇ ಅಸರ್ಷನ್. ಅಕ್ಕ ಕೆಲಸಕ್ಕೆ ಸೇರಿದಾಗ ಇಂಥ ನೂರಾರನ್ನು ಒಟ್ಟಿಗೇ ಪರೀಕ್ಷೆಯ ಸಾಫ್ಟ್‌ವೇರಿಗೆ ತುರುಕುತ್ತಿದ್ದರು. ಮೊಂಡು ವಾಕ್ಯವೊಂದು ಅಡ್ಡ ಮಲಗಿದರೆ ಉಳಿದವೆಲ್ಲ ಹಿಂದೆ ಕಾಯಬೇಕಿತ್ತು. ಎರಡು ವರ್ಷ ಇದನ್ನು ಸಹಿಸಿದ ಅವರು, ಒಂದೊಂದೇ ಅಸರ್ಷನ್ನನ್ನು ಬೇರೆಯಾಗಿ ಎತ್ತಿಕೊಂಡು, ಒಂದು ವಿಧಾನ ಸೋತರೆ ಇನ್ನೊಂದನ್ನು ಹಿಡಿದು, ಸಾಬೀತಾಯಿತೋ ಇಲ್ಲವೋ ಎಂದು ತಾನೇ ಬರೆದಿಡುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಕಟ್ಟಿದರು. ಮೊದಲು ಮೂಗು ಮುರಿದವರಿಗೇ ಆರು ತಿಂಗಳಲ್ಲಿ ಅದಿಲ್ಲದೆ ಕೈಯಾಡದಂತಾಯಿತು.

ಒಂಬತ್ತು ವರ್ಷಗಳ ಹಿಂದೆ, ರೋಗಿಯ ರಕ್ತನಾಳಕ್ಕೆ ಔಷಧ ಹರಿಸುವ ಪಂಪಿನ ಚಿಪ್ಪು ತಯಾರಿಕೆಗೆ ಹೋಗುವ ಹಿಂದಿನ ದಿನ. ಪಟ್ಟಿಯಲ್ಲಿದ್ದ ನಾನೂರ ಹನ್ನೆರಡೂ ‘ಸಾಬೀತು’. ಎಲ್ಲರೂ ಕೈ ಕುಲುಕುತ್ತಿದ್ದರೆ, ಅಕ್ಕನ ಕಣ್ಣು ಒಂದು ಸಾಲಿನಲ್ಲಿ ಸಿಕ್ಕಿಕೊಂಡಿತು: ‘ನಳಿಕೆಯಲ್ಲಿ ಗಾಳಿಗುಳ್ಳೆ ಬಂದರೆ ಮೋಟಾರು ನಿಲ್ಲಬೇಕು.’ ಅಷ್ಟು ತೊಡಕಿನ ಮಾತು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಬೀತಾದದ್ದು ಹೇಗೆ?

ಕೆದಕಿದಾಗ ಗುಟ್ಟು ಹೊರಬಿತ್ತು. ಅದನ್ನು ಬರೆದಿದ್ದ ಕಿರಿಯ ಸಹೋದ್ಯೋಗಿ, ಬೇರೇನನ್ನೋ ಪರೀಕ್ಷಿಸಲು ‘ಗುಳ್ಳೆ ಬರುವುದೇ ಇಲ್ಲ’ ಎಂಬ ಷರತ್ತು ಹಾಕಿ, ತೆಗೆಯಲು ಮರೆತಿದ್ದಳು. ಗುಳ್ಳೆಯೇ ಬಾರದಿದ್ದರೆ ನಿಯಮ ಮುರಿಯುವುದೆಲ್ಲಿ? ಷರತ್ತು ತೆಗೆದು ಓಡಿಸಿದರೆ, ವೇಗ ಬದಲಿಸುವ ಗುಂಡಿ ಒತ್ತಿದ ಕ್ಷಣದಲ್ಲೇ ಗುಳ್ಳೆ ಬಂದಾಗ ಮೋಟಾರು ನಿಲ್ಲುತ್ತಲೇ ಇರಲಿಲ್ಲ; ಗಾಳಿ ನೇರ ರೋಗಿಯ ರಕ್ತಕ್ಕೆ ಸೇರುತ್ತಿತ್ತು.

ಅಕ್ಕ ನೇರ, ಚಿಪ್ಪನ್ನು ತಯಾರಿಕೆಗೆ ಕಳಿಸಲು ಒಪ್ಪಿಗೆ ಕೊಡುವ ಸಭೆಗೆ ಹೋದರು.

“ನಾಳೆ ಕಳಿಸೋದು ಬೇಡ ಸಾರ್.”

“ಈಗ ಹೇಳ್ತಿದ್ದೀರಾ?” ಎಂದರು ಮುಖ್ಯಸ್ಥರು. “ಯಾರ ತಪ್ಪಿದು?”

ಕೊನೆಯ ಕುರ್ಚಿಯಲ್ಲಿದ್ದ ಕಿರಿಯಳ ಮುಖ ಬಿಳಿಚಿತ್ತು. ಅಕ್ಕ ಅತ್ತ ನೋಡಲಿಲ್ಲ.

“ಸ್ಕ್ರಿಪ್ಟ್ ನಂದು. ಗುಳ್ಳೆ ಒಂದ್ಸಲನಾದ್ರೂ ಬರತ್ತಾ ಅಂತ ಅದು ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪೂ ನಂದೇ.”

ಚಿಪ್ಪು ಮೂರು ವಾರ ತಡವಾಯಿತು. ಆ ವರ್ಷ ಅಕ್ಕನಿಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾಯಿತು. ಕಿರಿಯಳು ಅವರ ಮೇಜಿನ ಬಳಿ ಹೋಗಿ ಅತ್ತಳು.

“ಯಾಕಕ್ಕಾ ನನ್ ಹೆಸರು ಹೇಳ್ಲಿಲ್ಲ?”

“ಹೇಳಿದ್ರೆ ಮೋಟಾರು ನಿಲ್ತಿತ್ತಾ? ಹೋಗು, ಮುಖ ತೊಳ್ಕೊಂಡು ಬಾ. ಆ ಪರೀಕ್ಷೆನ ಇಬ್ರೂ ಸೇರಿ ಬರೆಯೋಣ.”

ಅಂದು ಇಬ್ಬರೂ ಬರೆದ ಹದಿನೇಳು ಸಾಲುಗಳು ಇಂದಿಗೂ ಪ್ರತಿ ಅಸರ್ಷನ್ನಿನ ಹಿಂದೆ ಓಡುತ್ತವೆ. ‘ಬಂದರೆ’ ಎಂದ ಸಂಗತಿ ಒಮ್ಮೆಯೂ ಘಟಿಸದ ಪುರಾವೆಯನ್ನು ಅವು ಪಟ್ಟಿಗೆ ಸೇರಗೊಡುವುದಿಲ್ಲ.

ಆ ಕಿರಿಯಳು ಈಗ ವಿಭಾಗದ ಮುಖ್ಯಸ್ಥೆ. ಈ ಲೇಖನವನ್ನು ಬರೆಯುತ್ತಿರುವವಳೂ ಅವಳೇ. ಅಂದು ಸಭೆಯಲ್ಲಿ ಏಳದ ನಾಲಗೆ ಇಂದಾದರೂ ಎದ್ದಿತೆಂಬುದು ಅವಳ ಸಮಾಧಾನ. ಅಕ್ಕ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ಹೊಸಬರಿಗೆ ವಾರಕ್ಕೆರಡು ದಿನ ಪಾಠ ಹೇಳುತ್ತೇನೆಂದು ಒಪ್ಪಿಕೊಂಡ ಮಾತನ್ನು ನಡೆಸಿಕೊಡಲಿ. ಮೊದಲ ಬೆಂಚಿನಲ್ಲಿ ಕೂರಲು ಮುಖ್ಯಸ್ಥೆಗೂ ಅಪ್ಪಣೆ ಕೊಡಲಿ.