ಗಾಯದ ಮೇಲಿನ ನೊರೆ

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬಾಟಲಿಯ ಮೇಲಿನ ಇಂಗ್ಲಿಷ್ ಹೆಸರು ಓದಲು ಬರುತ್ತಿರಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ಅದು ನೊರೆ ಔಷಧ.

ತೊಂಬತ್ತರ ದಶಕದ ಮಾತು. ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ಗೊನೆ ಕಡಿಯುವಾಗ ಕುಡಗೋಲು ಜಾರಿ ನನ್ನ ತಮ್ಮನ ಕಾಲಿಗೆ ಆಳವಾದ ಗಾಯವಾಯಿತು. ಕೀವು ತುಂಬಿದಾಗ ಅವನನ್ನು ಕಲಬುರಗಿಗೆ, ಶಹಾಬಜಾರದ ನನ್ನ ಮನೆಗೆ ಕರೆತಂದೆ. ಕೀವು ನಿಲ್ಲುವ ತನಕ ಮಾತ್ರ ಈ ಔಷಧ, ಆಮೇಲೆ ಕುದಿಸಿ ಆರಿಸಿದ ಉಪ್ಪುನೀರು ಸಾಕು ಎಂದು ಡಾಕ್ಟರು ನನಗೇ ಹೇಳಿಕೊಟ್ಟರು.

ಕೀವು ನಿಂತಿತು. ನಾನು ನಿಲ್ಲಿಸಲಿಲ್ಲ. ಬಾಟಲಿ ಬಗ್ಗಿಸಿದರೆ ಗಾಯದ ತುಂಬ ಬೆಳ್ಳಗೆ ನೊರೆ ಉಕ್ಕುತ್ತಿತ್ತು. ಒಳಗಿನ ಹೊಲಸೆಲ್ಲ ಹೊರಗೆ ಬರುತ್ತಿದೆ ಎಂದುಕೊಂಡೆ. ಓಣಿಯ ಹೆಂಗಸರು ನೋಡಲು ಬಂದು, ನರ್ಸಮ್ಮನ ಹಾಗೆ ಮಾಡುತ್ತಾಳೆ ಎಂದಾಗ ಇನ್ನಷ್ಟು ಸುರಿದೆ. ಉಪ್ಪುನೀರಿಗೆ ಯಾರು ನೋಡಲು ಬರುತ್ತಾರೆ? ತಮ್ಮ ಹಲ್ಲು ಕಚ್ಚಿ ಕೂರುತ್ತಿದ್ದ. ಒಮ್ಮೆ ಮಾತ್ರ, ಡಾಕ್ಟರು ಸಾಕು ಅಂದಿದ್ದರಲ್ಲ ಎಂದು ಕೇಳಿದ. ನಾನು ಗದರಿಸಿದೆ.

ಗಾಯ ತುಂಬಲೇ ಇಲ್ಲ. ಮತ್ತೆ ತೋರಿಸಲು ಕರೆದೊಯ್ದಾಗ, ಹೀಗೇ ಆದರೆ ತೊಡೆಯ ಚರ್ಮ ತೆಗೆದು ಹಚ್ಚಬೇಕಾಗುತ್ತದೆ, ಗೊನೆ ಹೊರುವ ಕೆಲಸ ಕಷ್ಟ ಎಂದರು ಡಾಕ್ಟರು. ಆಮೇಲೆ ಅಂಚಿನಲ್ಲಿ ಬಿಳಿಚಿಕೊಂಡ ಚರ್ಮ ನೋಡಿ, ಇನ್ನೂ ಆ ಔಷಧ ಹಾಕುತ್ತಿರುವವರು ಯಾರು ಎಂದು ಕೇಳಿದರು.

"ನಾನೇ ರೀ ಸಾಹೇಬರ," ಎಂದ ತಮ್ಮ. "ಅಕ್ಕ ಬ್ಯಾಡ ಅಂದ್ಲು. ನಾನೇ ಕೇಳಲಿಲ್ಲ."

ಡಾಕ್ಟರು ಅವನಿಗೆ ಚೆನ್ನಾಗಿ ಬೈದರು.

"ನೊರಿ ಬಂದ್ರ ಹೊಲಸು ಹೊಂಟದ ಅಂತ ತಿಳಿದೇನು? ಛಲೋ ಮಾಂಸಕ್ಕ ಹಾಕಿದ್ರೂ ನೊರಿ ಬರ್ತದ, ತಮ್ಮಾ."

ಬೈಯುತ್ತಲೇ ಬಿಡಿಸಿ ಹೇಳಿದರು. ನಾವು ಉಸಿರಾಡುವ ಆಮ್ಲಜನಕದಿಂದಲೇ ರಕ್ತದ ಬಿಳಿ ಕಣಗಳು ಇಂಥದೇ ಉರಿಯುವ ವಸ್ತು ತಯಾರಿಸಿ ಕ್ರಿಮಿಗಳನ್ನು ಸುಡುತ್ತವೆ. ಉಳಿದದ್ದನ್ನು ಆರಿಸುವ ವ್ಯವಸ್ಥೆಯೂ ಮೈಯಲ್ಲೇ ಇದೆ, ಆ ನೊರೆ ಅದರದೇ ಕೆಲಸ. ಚಿಟಿಕೆಯಷ್ಟಿದ್ದರೆ ಕಾಯುತ್ತದೆ, ಮಿತಿ ಮೀರಿದರೆ ಹೊಸ ಮಾಂಸವನ್ನೇ ಸುಡುತ್ತದೆ. ಮೈ ಇಷ್ಟು ಲೆಕ್ಕವಾಗಿ ಬೆಂಕಿಯನ್ನು ಹತೋಟಿಯಲ್ಲಿಡುತ್ತದೆ ಎಂದು ನನಗೆ ಸೋಜಿಗವಾಯಿತು. ಬಾಟಲಿ ಇವನ ಕೈಗೆ ಸಿಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ನನಗೆ ಹೇಳಿದಾಗ, ಆಗಲಿ ಎಂದು ತಲೆಯಾಡಿಸಿದೆ.

ಸೂಪರ್ ಮಾರ್ಕೆಟ್ ಹತ್ತಿರ ಆಟೋಗೆ ಕಾಯುವಾಗ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನನಗ ಬೈದ್ರ ಏನಾಗ್ತದ ಯಕ್ಕಾ? ನಿನಗ ಬೈದಿದ್ರ ನಾಳಿಗಿ ಪಟ್ಟಿ ಕಟ್ಟಾಕ ನಿನ್ನ ಕೈ ನಡುಗ್ತಿತ್ತು. ನೋಯೋದು ನನ್ನ ಕಾಲೇ ಅಲ್ಲ?"

ಅಷ್ಟು ಹೇಳಿ ನಕ್ಕ. ಅಂದಿನಿಂದ ಉಪ್ಪುನೀರಷ್ಟೇ. ತಿಂಗಳು ಕಳೆಯುವುದರೊಳಗೆ ಕೆಂಪು ಮಾಂಸ ಮೇಲೆದ್ದು ಗಾಯ ಮುಚ್ಚಿತು. ಚರ್ಮ ಹಚ್ಚುವುದು ಬೇಕಾಗಲಿಲ್ಲ. ಅವನು ತೋಟಕ್ಕೆ ಮರಳಿ ಮೊದಲಿನಂತೆಯೇ ಗೊನೆ ಹೊತ್ತ.

ಈಗಲೂ ಬಂದವರಿಗೆ ಕಾಲಿನ ಕಲೆ ತೋರಿಸಿ, ತಾನೆಂಥ ದಡ್ಡನಾಗಿದ್ದೆ ಎಂದು ಹೇಳಿ ನಗಿಸುತ್ತಾನೆ. ಅಕ್ಕ ಬೇಡವೆಂದಿದ್ದಳು ಎಂದು ಸೇರಿಸಲು ಒಮ್ಮೆಯೂ ಮರೆಯುವುದಿಲ್ಲ. ಅವನ ಹೆಂಡತಿ ನನ್ನ ಕಡೆ ಗೌರವದಿಂದ ನೋಡುತ್ತಾಳೆ. ನಾನು ಚಹಾ ಸೋಸುವ ನೆಪದಲ್ಲಿ ಒಳಗೆ ಹೋಗುತ್ತೇನೆ.