ಐದನೆಯ ಮೊನೆ

ಸೆರುವಾ ದ್ವೀಪರಾಜ್ಯದಲ್ಲಿ ರಾಜ ತೀರಿಕೊಂಡರೆ ಕಿರೀಟ ಬರಿದೇ ಇರಕೂಡದು. ಹೊಸ ರಾಜನ ಪಟ್ಟವಾಗುವ ತನಕ ಊರಿನವರೊಬ್ಬರು ಅದನ್ನು ಹೊತ್ತು ಕೂರಬೇಕು. ಆ ಸಲ ಅರಮನೆಯವರು ದಾರ ಹಿಡಿದು ಸಂತೆಯಲ್ಲಿ ತಲೆಗಳನ್ನು ಅಳೆಯುತ್ತ ಬಂದಾಗ, ತೀರಿಕೊಂಡ ಮುದಿರಾಜನ ಅಳತೆಗೆ ಸರಿಹೊಂದಿದ್ದು ಮೀನು ಒಣಗಿಸುವ ಇಲ್ಮೇರಾಳ ತಲೆ.

"ಅಂತೂ ಈ ದಪ್ಪತಲೆ ಒಂದು ಕೆಲ್ಸಕ್ಕೆ ಬಂತು ನೋಡು" ಎಂದು ಗಂಡ ತೋರೆನ್ ನಕ್ಕ.

"ಇರು, ಮೊದ್ಲು ನಿನ್ನನ್ನೇ ಸೆರೆಮನೆಗೆ ಹಾಕಿಸ್ತೀನಿ."

ಕಿರೀಟ ತಿಮಿಂಗಿಲದ ಮೂಳೆಯದು. ಅದಕ್ಕೆ ಐದು ಮೊನೆ, ಒಂದೊಂದು ಮೊನೆಯೂ ಒಂದೊಂದು ದ್ವೀಪ. ಐದನೆಯ ದ್ವೀಪವನ್ನು ಅವಳ ಅಜ್ಜಿಯ ಕಾಲದಲ್ಲೇ ಕಡಲು ನುಂಗಿತ್ತು. ಅಪಶಕುನವೆಂದು ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಮೊನೆ ಮಾತ್ರ ಹಾಗೆಯೇ ಉಳಿದಿತ್ತು.

ತಲೆಯ ಮೇಲಿಟ್ಟ ಕೂಡಲೇ ಅದು ಹಣೆಯನ್ನು ತಣ್ಣಗೆ ಕೊರೆಯಿತು. ಸಭೆಯೆಲ್ಲ ಬಾಗಿತು. ತೋರೆನ್ ಕೂಡ ಬಾಗಿ, "ಅಪ್ಪಣೆ, ಒಡೆಯಾ" ಎಂದ. ತಮಾಷೆಗಲ್ಲ. ಅವನ ಕಣ್ಣು ಕಿರೀಟದಿಂದ ಅವಳ ಮುಖಕ್ಕೆ ಇಳಿಯಲೇ ಇಲ್ಲ.

ಊಟದ ಹೊತ್ತಿಗೆ ಸಭೆ ಖಾಲಿಯಾಯಿತು. ಬಿಸಿಲು ಬಿದ್ದ ಕಲ್ಲುನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡತೊಡಗಿದವು. ದೊಡ್ಡವು, ಚಿಕ್ಕವು, ಒಂದರ ಹಿಂದೊಂದು. ಹೆಜ್ಜೆ ಇಟ್ಟವರು ಕಾಣಲಿಲ್ಲ. ಪಾಚಿಯ ವಾಸನೆ ಬಂತು.

"ಒಡೆಯಾ, ನಾವೂ ನಿಮ್ಮ ಪ್ರಜೆಗಳೇ ಅಲ್ವಾ?" ಎಂದಿತು ಒಂದು ಹೆಣ್ಣುದನಿ.

"ನಾನು ಒಡೆಯಳಲ್ಲ ತಾಯಿ. ಮೀನಿನವಳು. ಸುಮ್ನೆ ಹೊತ್ಕೊಂಡು ಕೂತಿದೀನಿ."

"ನಮ್ಮ ಮೊನೆ ನಿಮ್ಮ ತಲೆ ಮೇಲಿದ್ಯಲ್ಲ. ರಾಜರೆಲ್ಲ ಮುಖ ತಿರುಗಿಸಿಬಿಟ್ರು. ನೀವಾದ್ರೂ ನಮ್ಮೂರ ಹೆಸರು ಒಂದ್ಸಲ ಹೇಳಿ. ನಮಗೇ ಮರ್ತುಹೋಗ್ತಿದೆ."

ಇಲ್ಮೇರಾ ಬಾಗಿಲ ಕಡೆಗೊಮ್ಮೆ ನೋಡಿದಳು. ಅಜ್ಜಿ ಗುಟ್ಟಾಗಿ ಹೇಳಿಕೊಟ್ಟಿದ್ದ ಹೆಸರು ನಾಲಿಗೆಗೆ ಬಂತು.

"ಓಸ್ವೆ" ಎಂದಳು.

ಎಷ್ಟೋ ಜನ ಒಟ್ಟಿಗೆ ನಿಟ್ಟುಸಿರುಬಿಟ್ಟ ಸದ್ದಾಯಿತು.

ಬಾಗಿಲ ಕಾವಲಿನವನಿಗೆ ಆ ಹೆಸರು ಕೇಳಿಸಿತ್ತು. ಸುದ್ದಿ ಯುವರಾಜನಿಗೂ ಮುಟ್ಟಿತು. ಪಟ್ಟವಾದೊಡನೆ ಅವನು ಐದನೆಯ ಮೊನೆಯನ್ನು ಅರದಿಂದ ಉಜ್ಜಿಸಿ ತೆಗೆಸಿದ. ಆಮೇಲೆ ಅರಮನೆಯ ನೆಲ ಒದ್ದೆಯಾಗಲಿಲ್ಲ.

ಇಲ್ಮೇರಾಳ ಮನೆ ಒದ್ದೆಯಾಯಿತು. ಮೊದಲು ಹೊಸ್ತಿಲು, ಆಮೇಲೆ ಒಲೆಯ ಸುತ್ತ. "ಮತ್ತೆ ನೀರು ಚೆಲ್ಲಿದ್ಯೇನೇ?" ಎಂದು ತೋರೆನ್ ಗೊಣಗುತ್ತ ಒರೆಸುತ್ತಿದ್ದ. ಅವಳು ಮೊದಮೊದಲು ನಡುಗಿದಳು. ಬರಬರುತ್ತ ಮೀನು ಸೀಳುತ್ತಲೇ ಅವರೊಡನೆ ಮಾತಿಗೆ ಕೂತಳು. ಮುಪ್ಪಿನಲ್ಲಿ ನೆರೆಮನೆಯವರ ಹೆಸರು ಮರೆತಳು. ಓಸ್ವೆಯ ಬೀದಿಗಳಲ್ಲಿ ಯಾವ ಬಾಗಿಲು ಯಾರದೆಂದು ಮಾತ್ರ ತಡವರಿಸದೆ ಹೇಳುತ್ತಿದ್ದಳು.

ಅವಳು ತೀರಿಕೊಂಡ ಬೆಳಿಗ್ಗೆ ಹೆಜ್ಜೆಗಳು ಬಾಗಿಲಿನಿಂದಾಚೆ, ಕಡಲಿನ ಕಡೆಗೆ ಹೋಗಿದ್ದವು. ಗುಂಪಿನ ನಡುವೆ ಒಂದು ಜೋಡಿ ಅಗಲ ಪಾದಗಳನ್ನು ತೋರೆನ್ ಗುರುತು ಹಿಡಿದ. ಬಟ್ಟೆ ಕೈಯಲ್ಲೇ ಇತ್ತು. ಒರೆಸಲಿಲ್ಲ. ಅವು ಆರುವವರೆಗೂ ಬಾಗಿಲಲ್ಲೇ ಕೂತಿದ್ದ.