ಶೂನ್ಯಮ್ಮನ ಡ್ರಮ್ಮು, ಅಮ್ಮನ ಕೈಗುಣ

ನೆಂಟರೆಲ್ಲ ಅವಳನ್ನು ಶೂನ್ಯಮ್ಮ ಎಂದೇ ಕರೆಯುತ್ತಿದ್ದರು. ಪ್ರಯೋಗಾಲಯದಲ್ಲಿ ಅವಳು ಕಾಯುವ ಉಕ್ಕಿನ ಡ್ರಮ್ಮಿನೊಳಗೆ ಏನಿದೆ ಎಂದು ಸೋದರಮಾವ ಒಮ್ಮೆ ಕೇಳಿದ್ದ. ಏನೂ ಇಲ್ಲ, ಏನೂ ಇರದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಳು. ಹೆಸರು ಅಂಟಿಕೊಂಡಿತು.

ಡ್ರಮ್ಮಿನ ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ ಅದರೊಳಕ್ಕೆ ಅವಳು ಚಿಟಿಕೆಯಷ್ಟು ಮೀಥೇನ್ ಅನಿಲ ಬಿಡುತ್ತಿದ್ದಳು. ಕೆಲವು ಅಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕಿತ್ತರೆ ಸಾಕು, ಅವು ಅಯಾನುಗಳಾಗಿ, ತಮ್ಮ ಪಾಡಿಗೆ ತಾವಿದ್ದ ಪಕ್ಕದ ಅಣುಗಳ ಮೈಮೇಲೆ ಬಿದ್ದು ಹೈಡ್ರೋಜನ್ ಕಿತ್ತುಕೊಳ್ಳುತ್ತಿದ್ದವು. ಯಾವುದು ಏನಾಯಿತು ಎಂಬುದು ತೂಕದ ಪ್ರಕಾರ ಪರದೆಯ ಮೇಲೆ ಗೆರೆಗೆರೆಯಾಗಿ ಏಳುತ್ತಿತ್ತು.

ದರ್ಜಿ ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದ ತಾಯಿ ಒಂದು ಬೆಳಿಗ್ಗೆ ಜೊತೆಗೆ ಬಂದಳು. ಡ್ರಮ್ಮನ್ನು ಬಿಚ್ಚಿ, ತೊಳೆದ ಭಾಗಗಳನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಹರವಿದ್ದ ದಿನ ಅದು. ಮಗಳ ವಿವರಣೆಯನ್ನೆಲ್ಲ ಕೇಳಿ ತಾಯಿ ತಲೆಯಾಡಿಸಿದಳು.

“ಪಕ್ಕದವರದ್ದು ಕಿತ್ಕೊಳ್ಳೋದಾ? ಅದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ನಿನ್ನ ಚಿಕ್ಕಮ್ಮನ ಮನೇಲಿ ಕೂತಿದ್ರೆ ಆಗ್ತಿತ್ತಲ್ಲ.”

ಮಗಳು ಕೈಗವಸು ತರಲು ಒಳಗೆ ಹೋಗಿ ಬಂದಾಗ ತಾಯಿ ಕಿಟಕಿಯ ಬಳಿ ಏನೂ ಅರಿಯದವಳಂತೆ ಕೈಕಟ್ಟಿ ಕೂತಿದ್ದಳು.

ಡ್ರಮ್ಮು ಜೋಡಣೆಯಾಯಿತು. ಮೀಥೇನ್ ಬಿಟ್ಟಾಗ ಬರಬೇಕಾದ ಗೆರೆಗಳ ಆಚೆಗೆ, ಮೆಟ್ಟಿಲು ಕಟ್ಟಿದ ಹಾಗೆ, ಹೊಸ ಗೆರೆಗಳ ಸಾಲೇ ಎದ್ದು ನಿಂತಿತು. ಪ್ರಯೋಗಾಲಯದ ಪ್ರೊಫೆಸರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪುಟ್ಟ ಅಯಾನುಗಳು ಉದ್ದುದ್ದ ಸರಪಳಿಯಾಗಿ ಬೆಳೆಯುತ್ತಿವೆ, ಇಂಥದ್ದನ್ನು ಯಾರೂ ಕಂಡಿಲ್ಲ ಎಂದು, ಮಾತು ಬಿಟ್ಟಿದ್ದ ಹಳೆಯ ಪ್ರತಿಸ್ಪರ್ಧಿಗೂ ಫೋನು ಮಾಡಿ ಹೇಳಿದರು.

ಶೂನ್ಯಮ್ಮ ಮಾತ್ರ ಅನುಮಾನ ಬಂದು ಅನಿಲದ ಕೊಳಾಯಿ ಮುಚ್ಚಿ ನೋಡಿದಳು. ಮೀಥೇನ್ ನಿಲ್ಲಿಸಿದರೂ ಆ ಸಾಲು ಜಪ್ಪಯ್ಯ ಅಂದರೂ ಜಗ್ಗದೆ ನಿಂತಿತ್ತು. ಅಂದರೆ ಅದು ಮೀಥೇನಿನದಲ್ಲ, ಒಳಗೆ ಬೇರೇನೋ ಅಂಟಿಕೊಂಡಿದೆ. ಮನೆಗೆ ಹೋದವಳೇ, ಅಲ್ಲಿ ಏನಾದರೂ ಮುಟ್ಟಿದೆಯಾ ಎಂದು ತಾಯಿಯನ್ನು ಕೇಳಿದಳು.

“ಮುಟ್ಟೋದೇನು, ಒರೆಸೇ ಇಟ್ಟೆ. ಸಾಮಾನೆಲ್ಲ ಮಂಕಾಗಿತ್ತು, ಪಾಪ. ತಲೆಗೆ ಎಣ್ಣೆ ಹಚ್ಚಿದ ಕೈ ಇತ್ತಲ್ಲ, ಒಂದ್ಸಲ ಉಜ್ಜಿದ್ದಕ್ಕೇ ಫಳಫಳ ಅಂತು.”

ಪ್ರೊಫೆಸರಿಗೆ ಇದನ್ನು ಹೇಳುವುದೆಂದರೆ ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ. ಆದರೂ ಹೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಪ್ರತಿಸ್ಪರ್ಧಿಗೆ ಇನ್ನೊಂದು ಫೋನು ಹೋಯಿತು. ಆ ಕಡೆಯ ನಗು ಬಾಗಿಲಾಚೆಗೂ ಕೇಳಿಸಿತು. ಡ್ರಮ್ಮಿಗೆ ಕಾಯಿಸುವ ಪಟ್ಟಿ ಸುತ್ತಿ, ಹಾಳೆ ಹೊದಿಸಿ, ಜ್ವರ ಬಂದವರ ಆರೈಕೆ ಮಾಡಿದ ಹಾಗೆ ದಿನಗಟ್ಟಲೆ ಬಿಸಿ ಮಾಡಿ ಎಣ್ಣೆಯ ಪಸೆಯನ್ನು ಹೊರಗಟ್ಟಬೇಕಾಯಿತು. ಕೊನೆಗೊಮ್ಮೆ ಆ ಸಾಲು ಅಳಿಸಿಹೋಗಿ, ಮೀಥೇನಿನ ನಾಲ್ಕರ ಜೊತೆಗೆ ಪಕ್ಕದ್ದರಿಂದ ಕಿತ್ತುಕೊಂಡ ಒಂದೂ ಸೇರಿ, ಒಂದು ಕಾರ್ಬನ್ನಿನ ಮೇಲೆ ಐದು ಹೈಡ್ರೋಜನ್ ಹೊತ್ತ ಅಯಾನಿನ ಗೆರೆ ಚೊಕ್ಕಟವಾಗಿ ಎದ್ದಾಗ ಶೂನ್ಯಮ್ಮನಿಗೆ ಕಣ್ಣು ತುಂಬಿ ಬಂತು.

ತಾಯಿ ಕ್ಷಮೆ ಕೇಳಲು ಬಂದಳು. ಪ್ರೊಫೆಸರು ಅವಳನ್ನು ಬಾಗಿಲ ಹೊರಗೇ ನಿಲ್ಲಿಸಿ, ಅತ್ತಿತ್ತ ನೋಡಿ, ತಮ್ಮ ಬೋಳುತಲೆ ಸವರಿಕೊಂಡರು.

“ಅಲ್ಲ ತಾಯಿ, ಅಷ್ಟು ಕಾಯಿಸಿದ್ರೂ ಬಿಡ್ತಿರ್ಲಿಲ್ವಲ್ಲ ಆ ಎಣ್ಣೆ. ಯಾವುದು ಅದು?”

ಮರುದಿನವೇ ಒಂದು ಬಾಟಲಿ ಬಂತು. ಅವರು ಅದನ್ನು ಪ್ರಯೋಗಾಲಯದಿಂದ ಆದಷ್ಟು ದೂರ, ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡರು.